ಮೈಸೂರು–ಮಂಡ್ಯಕ್ಕೆ ಚಿಕ್ಕ ಗ್ಯಾಸ್ ಪ್ಲಾಂಟ್ ಬೇಕೇ? ಸಂಜೆಯ ಕರೆಂಟಿನ ಲೆಕ್ಕ

ಮಂಡ್ಯ ಜಿಲ್ಲೆಯ 66 ಕೆ.ವಿ. ಸಬ್‌ಸ್ಟೇಷನ್ ಒಂದರಲ್ಲಿ ನಾನು ಎಷ್ಟೋ ವರ್ಷ ಶಿಫ್ಟ್ ಮಾಡಿದ್ದೇನೆ. ಸಂಜೆ ಆರೂಮುಕ್ಕಾಲಿಗೆ ಫೋನ್ ಬಡಿದುಕೊಂಡರೆ ಎತ್ತುವ ಮೊದಲೇ ವಿಷಯ ಗೊತ್ತಿರುತ್ತಿತ್ತು: ಲೋಡ್ ಇಳಿಸಬೇಕು. ಫ್ರೀಕ್ವೆನ್ಸಿ ಮೀಟರಿನ ಅಂಕಿ 50ರಿಂದ ಜಾರಿ 49ರ ಹತ್ತಿರ ಅಲ್ಲಾಡುತ್ತಿರುತ್ತಿತ್ತು. ಎದ್ದು ಹೋಗಿ ಪ್ಯಾನೆಲ್ ಮುಂದೆ ನಿಂತು, ಯಾವ ಕಡೆಯ ಫೀಡರ್ (ಊರುಗಳಿಗೆ ಕರೆಂಟ್ ಒಯ್ಯುವ ಲೈನ್) ತೆಗೆಯಲಿ ಎಂದು ಒಂದು ಗಳಿಗೆ ಯೋಚಿಸಿ, ಬ್ರೇಕರಿನ ಹಿಡಿ ತಿರುಗಿಸಿದರೆ ಅಂಗಳದಿಂದ ಢಪ್ ಎಂಬ ಸದ್ದು. ಕಿಟಕಿಯಾಚೆ ಒಂದು ದಿಕ್ಕಿನ ದೀಪಗಳೆಲ್ಲ ಒಟ್ಟಿಗೇ ಆರುತ್ತಿದ್ದವು. ಆ ಕತ್ತಲಲ್ಲಿ ನಮ್ಮಕ್ಕನ ಮನೆಯೂ ಇರುತ್ತಿತ್ತು.

ಆ ಅಕ್ಕನ ಮಗ ಈಗ ಮೈಸೂರಿನ ಹೊರವಲಯದಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕ ನಡೆಸುತ್ತಾನೆ. ಹೋದ ತಿಂಗಳು ಬಂದವನು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದ: "ಮಾವ, ಗ್ಯಾಸ್ ಕಂಪನಿಯೋರು ಬಂದು ಮಾತಾಡ್ಕೊಂಡು ಹೋದ್ರು. ಪೈಪು ನಮ್ ಗೇಟ್‌ವರೆಗೂ ತತ್ತೀವಿ ಅಂತಾರೆ. ಒಂದು ಚಿಕ್ಕ ಪ್ಲಾಂಟ್ ಹಾಕ್ಕೊಂಡ್ರೆ ಎಂಗೆ? ನಮ್ ಕೈಗಾರಿಕಾ ಸಂಘದೋರು ಇನ್ನೂ ದೊಡ್ಡದಾಗಿ ಯೋಚ್ನೆ ಮಾಡ್ತಾವ್ರೆ. ಹತ್ತು ಮೆಗಾವ್ಯಾಟಿಂದು ಹಾಕಿ ಸುತ್ತಮುತ್ತ ಎಲ್ಲರಿಗೂ ಕೊಡೋಣ ಅಂತ."

ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಗೇಟಿನೊಳಗಿನ ಪ್ಲಾಂಟ್ ಒಂದು, ಪ್ರದೇಶಕ್ಕೆಲ್ಲ ಕರೆಂಟ್ ಕೊಡುವ ಪ್ಲಾಂಟ್ ಇನ್ನೊಂದು. ಉತ್ತರಗಳೂ ಬೇರೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಲೆಕ್ಕದ ಸಮೇತ ಬರೆಯುತ್ತಿದ್ದೇನೆ. ಇದೇ ಯೋಚನೆಯಲ್ಲಿರುವ ಬೇರೆಯವರಿಗೂ ಬೇಕಾದೀತು.

ಕೊರತೆ ಇರುವುದು ಯಾವ ಹೊತ್ತಿಗೆ?

ಕೊರತೆ ಎಲ್ಲಿದೆ ಎಂದು ನೋಡದೆ ಮದ್ದು ಹುಡುಕಬಾರದು. ನಮ್ಮ ರಾಜ್ಯದಲ್ಲಿ ಹಗಲು ಹೊತ್ತಿನ ಕರೆಂಟ್ ಈಗ ಮೊದಲಿನಂತೆ ಕಷ್ಟವಲ್ಲ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟಿನದು. ರೈತರ ಪಂಪ್‌ಸೆಟ್ ಫೀಡರ್‌ಗಳನ್ನು ಬಿಸಿಲು ಹೊತ್ತಿಗೆ ತಂದಿರುವುದರಿಂದ ರಾಜ್ಯದ ಅತಿ ಹೆಚ್ಚು ಬೇಡಿಕೆ ಬೆಳಗ್ಗೆಯೇ ಬೀಳುವುದೂ ಉಂಟು. ಅದನ್ನು ಬಿಸಿಲು ಹೊರುತ್ತದೆ. ಸಂಜೆ ಆರಕ್ಕೆ ಬಿಸಿಲು ಹೋಗುತ್ತದೆ, ಮನೆಮನೆಯ ದೀಪ, ಟಿ.ವಿ., ಮಿಕ್ಸಿ, ಬೇಸಿಗೆಯಲ್ಲಿ ಏ.ಸಿ. ಎಲ್ಲ ಒಟ್ಟಿಗೆ ಬರುತ್ತವೆ. ಆರರಿಂದ ಹತ್ತರವರೆಗಿನ ಆ ನಾಲ್ಕು ಗಂಟೆಯೇ ನಿಜವಾದ ಇಕ್ಕಟ್ಟು.

ಇನ್ನೊಂದು ಇಕ್ಕಟ್ಟು ಮಳೆ ಕೈಕೊಟ್ಟ ವರ್ಷದ್ದು. 2023ರಲ್ಲಿ ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಜಲವಿದ್ಯುತ್ ಕುಸಿಯಿತು, ಮಳೆಯಿಲ್ಲದೆ ಪಂಪ್‌ಸೆಟ್‌ಗಳು ಬಿಡುವಿಲ್ಲದೆ ಓಡಿದವು. ಆ ವರ್ಷ ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ, ರಾಜ್ಯದ ಉತ್ಪಾದಕರು ಕರೆಂಟನ್ನು ಹೊರಗೆ ಮಾರದೆ ಇಲ್ಲಿಗೇ ಕೊಡಬೇಕೆಂದು ಆದೇಶಿಸಬೇಕಾಯಿತು. ಮಂಡ್ಯದ ಕಬ್ಬು, ಭತ್ತದ ರೈತರು ಥ್ರೀ ಫೇಸ್ ಐದು ಗಂಟೆಯೋ ಏಳು ಗಂಟೆಯೋ ಎಂದು ಜಗಳಕ್ಕೆ ನಿಂತದ್ದು ಆಗಲೇ. ರಾತ್ರಿ ಪಾಳಿಯಲ್ಲಿ ಕರೆಂಟ್ ಬಂದಾಗ ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆದು ಹೋಗಿ ನೀರು ಕಟ್ಟುವವರ ಕಷ್ಟ ಸಬ್‌ಸ್ಟೇಷನ್‌ನಲ್ಲಿ ಕೂತವನಿಗೆ ಕಾಣುವುದಿಲ್ಲ. ನನಗೆ ಅದು ಗೊತ್ತಾದದ್ದು ಗದ್ದೆಗೆ ಹೋದವರೊಬ್ಬರಿಗೆ ಹಾವು ಕಚ್ಚಿ, ಅವರ ಮಗ ಬಂದು ನನ್ನ ಮುಂದೆ ನಿಂತು, "ಹಗಲೇ ಕೊಟ್ಟಿದ್ರೆ ಏನಾಗ್ತಿತ್ತು ಸಾರ್?" ಎಂದು ಕೇಳಿದ ದಿನ. ಅವರು ಉಳಿದರು. ಆ ಪ್ರಶ್ನೆಯೂ ನನ್ನಲ್ಲಿ ಉಳಿಯಿತು.

ಮುಂದೆ ಹೇಳುವ ಪ್ರತಿಯೊಂದು ದಾರಿಯನ್ನೂ ಈ ಎರಡು ಇಕ್ಕಟ್ಟಿಗೆ ಹಚ್ಚಿ ನೋಡಿ: ದಿನದಿನದ ಸಂಜೆ, ಮತ್ತು ಬರಗಾಲದ ತಿಂಗಳುಗಳು.

ಗ್ಯಾಸ್ ಪ್ಲಾಂಟ್ ಎಂದರೆ ಯಾವುದು?

ಇಲ್ಲಿ ಗ್ಯಾಸ್ ಎಂದರೆ ಅಡುಗೆ ಸಿಲಿಂಡರಿನದಲ್ಲ, ನೈಸರ್ಗಿಕ ಅನಿಲ, ಅಂದರೆ ಬಹುಪಾಲು ಮೀಥೇನ್. ಸಿಲಿಂಡರ್ ಗ್ಯಾಸ್ ಸೋರಿದರೆ ನೆಲ ಹಿಡಿದು ಕೂರುತ್ತದೆ, ಮೀಥೇನ್ ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ. ಕಟ್ಟಡದ ಗಾಳಿಕಿಂಡಿ ಎಲ್ಲಿಡಬೇಕು ಎನ್ನುವುದು ಇದರ ಮೇಲೆ ನಿಲ್ಲುತ್ತದೆ.

ಪ್ಲಾಂಟುಗಳಲ್ಲಿ ಮೂರು ಬಗೆ. ಒಂದು, ಗ್ಯಾಸ್ ಟರ್ಬೈನ್ ಮಾತ್ರ ಇರುವುದು. ಬೇಗ ಶುರುವಾಗುತ್ತದೆ, ಆದರೆ ಗ್ಯಾಸಿನ ಶಾಖದಲ್ಲಿ ನೂರಕ್ಕೆ 33ರಿಂದ 40 ಪಾಲು ಮಾತ್ರ ಕರೆಂಟಾಗುತ್ತದೆ. ಎರಡು, ಕಂಬೈನ್ಡ್ ಸೈಕಲ್. ಟರ್ಬೈನಿನಿಂದ ಹೊರಬರುವ ಬಿಸಿ ಹೊಗೆಯಿಂದಲೇ ಹಬೆ ಮಾಡಿ ಇನ್ನೊಂದು ಟರ್ಬೈನ್ ತಿರುಗಿಸುತ್ತಾರೆ. ಒಳ್ಳೆಯ ದೊಡ್ಡ ಪ್ಲಾಂಟಿನಲ್ಲಿ ನೂರಕ್ಕೆ 55ರಿಂದ 60 ಪಾಲು ಸಿಗುತ್ತದೆ. ಯಲಹಂಕದಲ್ಲಿ ಮೊದಲು ಡೀಸೆಲ್ ಪ್ಲಾಂಟ್ ಇದ್ದ ಜಾಗದಲ್ಲಿ ಕೆ.ಪಿ.ಸಿ. (ರಾಜ್ಯದ ವಿದ್ಯುತ್ ಉತ್ಪಾದನಾ ನಿಗಮ) ಕಟ್ಟಿದ 370 ಮೆಗಾವ್ಯಾಟಿನ ಪ್ಲಾಂಟ್ ಇಂಥದ್ದು. 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಅದು ರಾಜ್ಯದ ಮೊದಲ ಗ್ಯಾಸ್ ಸ್ಥಾವರ. ದಾಭೋಳ್–ಬೆಂಗಳೂರು ಕೊಳವೆ ಮಾರ್ಗ ಅದಕ್ಕೆ ಆಧಾರ. ಮೂರನೆಯದು ಗ್ಯಾಸ್ ಎಂಜಿನ್. ಲಾರಿ ಎಂಜಿನ್ನನ್ನೇ ದೊಡ್ಡದು ಮಾಡಿದ ಹಾಗೆ, ಪಿಸ್ಟನ್ನಿನದು. ಕೆಲವು ನೂರು ಕಿಲೋವ್ಯಾಟಿನಿಂದ ಹತ್ತಾರು ಮೆಗಾವ್ಯಾಟಿನವರೆಗೆ ಒಂದೊಂದಾಗಿ ಸಾಲಾಗಿ ನಿಲ್ಲಿಸಬಹುದು, ನೂರಕ್ಕೆ 40–45 ಪಾಲು ಕರೆಂಟ್ ಕೊಡುತ್ತದೆ, ಐದು–ಹತ್ತು ನಿಮಿಷದಲ್ಲಿ ಪೂರ್ತಿ ಲೋಡಿಗೆ ಬರುತ್ತದೆ. ತಣ್ಣಗಿರುವ ಕಲ್ಲಿದ್ದಲು ಘಟಕ ಎಬ್ಬಿಸಲು ಎಂಟು ಗಂಟೆಗೂ ಹೆಚ್ಚು ಬೇಕು.

ಮೈಸೂರು–ಮಂಡ್ಯದಂಥ ಕಡೆ "ಚಿಕ್ಕ ಪ್ಲಾಂಟ್" ಎಂದರೆ ಈ ಮೂರನೆಯದೇ. ರೇಡಿಯೇಟರ್ ಇಟ್ಟರೆ ತಂಪು ಮಾಡಲು ನದಿ ನೀರು ಹೆಚ್ಚುಕಡಿಮೆ ಬೇಕಿಲ್ಲ. ಕಾವೇರಿ ನೀರಿನ ಒಂದೊಂದು ಹನಿಗೂ ಲೆಕ್ಕ ಕೇಳುವ ಊರಿನಲ್ಲಿ ಅದು ಸಣ್ಣ ಮಾತಲ್ಲ. ಕಲ್ಲಿದ್ದಲು ಸ್ಥಾವರಕ್ಕೆ ಸಾವಿರ ಯೂನಿಟ್ಟಿಗೆ ಸುಮಾರು ಮೂರು ಸಾವಿರ ಲೀಟರ್ ನೀರು ಬೇಕು.

ಹಾಗೆ ನೋಡಿದರೆ ಕಲ್ಲಿದ್ದಲಿನ ಮಾತು ನಮ್ಮ ಕಡೆ ಮುಗಿದ ಅಧ್ಯಾಯ. 2007ರ ಹೊತ್ತಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಚಾಮಲಾಪುರಕ್ಕೆ ಶಾಖೋತ್ಪನ್ನ ಸ್ಥಾವರ ಬರುತ್ತದೆ ಎಂದಾಗ ರೈತರೂ ಮೈಸೂರಿನ ನಾಗರಿಕರೂ ಒಟ್ಟಿಗೆ ಬೀದಿಗಿಳಿದರು, ಯೋಜನೆ ನಿಂತಿತು. ನಾಗರಹೊಳೆ, ಬಂಡೀಪುರ, ಕಬಿನಿ ಇಷ್ಟು ಹತ್ತಿರ ಇರುವ ಕಡೆ ಬೂದಿಹೊಂಡ ಬೇಡವೆಂದದ್ದು ಸರಿಯಾಗಿಯೇ ಇತ್ತು ಎಂದು ನಾನು ಈಗಲೂ ನಂಬುತ್ತೇನೆ, ಕರೆಂಟ್ ಇಲಾಖೆಯ ಸಂಬಳ ತಿಂದವನಾಗಿಯೂ.

ಗ್ಯಾಸ್ ಬರುವ ದಾರಿ

ಪೈಪಿನಲ್ಲಿ ಬಂದರೆ ಒಂದು ಲೆಕ್ಕ, ಟ್ಯಾಂಕರಿನಲ್ಲಿ ಬಂದರೆ ಇನ್ನೊಂದು. ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಿ ಟ್ಯಾಂಕರಿನಲ್ಲಿ ತಂದು ಇಲ್ಲಿ ಮತ್ತೆ ಅನಿಲ ಮಾಡಬಹುದು. ಹತ್ತು ಮೆಗಾವ್ಯಾಟ್ ಪ್ಲಾಂಟನ್ನು ದಿನಾ ಸಂಜೆ ನಾಲ್ಕು ಗಂಟೆ ಓಡಿಸಿದರೆ 40,000 ಯೂನಿಟ್ (ಒಂದು ಮೆಗಾವ್ಯಾಟ್ ಒಂದು ಗಂಟೆ ಓಡಿದರೆ ಸಾವಿರ ಯೂನಿಟ್). ಎಂಜಿನ್ನಿಗೆ ಒಂದು ಯೂನಿಟ್ಟಿಗೆ ಸುಮಾರು ಕಾಲು ಘನ ಮೀಟರ್ ಗ್ಯಾಸ್ ಎಂದು ಹಿಡಿದರೆ ದಿನಕ್ಕೆ 10,000 ಘನ ಮೀಟರ್. ಒಂದು ಟ್ಯಾಂಕರ್ ಎರಡು ದಿನಕ್ಕೆ ಸ್ವಲ್ಪ ಮೇಲೆ ಬರುತ್ತದೆ.

ಆ ಟ್ಯಾಂಕರ್ ಕೊಚ್ಚಿಯ ಪುದುವೈಪ್ ಟರ್ಮಿನಲ್‌ನಿಂದ ಬರಬೇಕು ಎಂದುಕೊಳ್ಳಿ. ಕೋಳಿಕ್ಕೋಡ್ ಮೇಲೆ ಹತ್ತಿ ಗುಂಡ್ಲುಪೇಟೆಗೆ ಇಳಿಯುವ ರಸ್ತೆ ಬಂಡೀಪುರದ ಒಳಗೆ ಹಾದುಹೋಗುತ್ತದೆ, ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ಘಾಟಿಯಲ್ಲಿ ಗುಡ್ಡ ಕುಸಿದ ವಾರ ಏನು ಮಾಡುವುದು? ಟ್ಯಾಂಕರ್ ನಂಬಿ ಊರಿಗೆ ಕರೆಂಟ್ ಕೊಡುತ್ತೇನೆ ಎನ್ನುವವರನ್ನು ಈ ಪ್ರಶ್ನೆ ಮೊದಲು ಕೇಳಿ. ಪ್ರದೇಶದ ಪ್ಲಾಂಟಿಗೆ ಪೈಪೇ ಬೇಕು.

ಬೆಲೆಗೆ ಒಂದು ಸುಲಭದ ಅಳತೆಗೋಲು

ಗ್ಯಾಸ್ ಕಂಪನಿಯವರು ಘನ ಮೀಟರಿಗೆ ಇಷ್ಟು ಎಂದು ದರ ಹೇಳುತ್ತಾರೆ. ಅದನ್ನು ನಾಲ್ಕರಿಂದ ಭಾಗಿಸಿ. ಬರುವುದೇ ಒಂದು ಯೂನಿಟ್ ಕರೆಂಟಿನ ಇಂಧನದ ಖರ್ಚು. ದರ 50 ರೂಪಾಯಿ ಎಂದಾದರೆ ಯೂನಿಟ್ಟಿಗೆ ಹನ್ನೆರಡೂವರೆ. ಎಣ್ಣೆ ಬದಲಾವಣೆ, ಸ್ಪಾರ್ಕ್ ಪ್ಲಗ್, ಸಾಲದ ಬಡ್ಡಿ ಎಲ್ಲ ಇದರ ಮೇಲೆ. ನಮ್ಮ ಕಡೆ ಕರೆಂಟ್ ಹಂಚುವ ಕಂಪನಿಯಾದ ಸೆಸ್ಕ್‌ನ ಬಿಲ್ಲಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ಬರೀ ಕರೆಂಟಿಗಾಗಿ ಗ್ಯಾಸ್ ಸುಡುವುದು ಕೈಸುಡುವ ಕೆಲಸ ಎನ್ನುವುದು ಎದ್ದು ಕಾಣುತ್ತದೆ.

ದರವೂ ನಿಂತಲ್ಲಿ ನಿಲ್ಲುವಂಥದ್ದಲ್ಲ. ದೇಶದೊಳಗೆ ಸಿಗುವ ಅಗ್ಗದ ಗ್ಯಾಸಿನಲ್ಲಿ ಮನೆ ಸಂಪರ್ಕ ಮತ್ತು ವಾಹನದ ಸಿ.ಎನ್.ಜಿ.ಗೆ ಮೊದಲ ಪಾಲು. ಕಾರ್ಖಾನೆ ಮತ್ತು ಕರೆಂಟಿನವರ ಪಾಲಿಗೆ ಹೆಚ್ಚಾಗಿ ಉಳಿಯುವುದು ಹಡಗಿನಲ್ಲಿ ಬಂದದ್ದು. ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ ಏಷ್ಯಾದ ತತ್ಕಾಲ ಮಾರುಕಟ್ಟೆಯಲ್ಲಿ ಅದರ ಬೆಲೆ ಒಂದು ಎಂ.ಎಂ.ಬಿ.ಟಿ.ಯು.ಗೆ (ಗ್ಯಾಸ್ ಮಾರುವ ಶಾಖದ ಅಳತೆ) 50 ಡಾಲರ್ ದಾಟಿದ ದಿನಗಳಿದ್ದವು. 10–12 ಡಾಲರ್ ಎಂದು ಲೆಕ್ಕ ಹಾಕಿ ಪ್ಲಾಂಟ್ ಕಟ್ಟಿದವರು ಆಗ ಬೀಗ ಹಾಕಿ ಕೂರಬೇಕಾಯಿತು. ದೇಶದಲ್ಲಿ 20 ಸಾವಿರಕ್ಕೂ ಹೆಚ್ಚು ಮೆಗಾವ್ಯಾಟ್ ಗ್ಯಾಸ್ ಸ್ಥಾವರಗಳಿದ್ದರೂ ಅವುಗಳ ಬಹುಪಾಲು ವರ್ಷದ ಹೆಚ್ಚು ದಿನ ಸುಮ್ಮನೆ ನಿಂತಿರುತ್ತವೆ. 2024ರ ಬೇಸಿಗೆಯಲ್ಲಿ, ಮೇ–ಜೂನ್ ಎರಡು ತಿಂಗಳು ಓಡಲೇಬೇಕೆಂದು ಕೇಂದ್ರ ಸರ್ಕಾರ ಆದೇಶ ಹೊರಡಿಸಿ ಎಬ್ಬಿಸಬೇಕಾಯಿತು.

ನಮ್ಮ ರಾಜ್ಯದಲ್ಲೇ ಒಂದು ಪಾಠವಿದೆ. 2001ರಲ್ಲಿ ಮಂಗಳೂರಿನ ತಣ್ಣೀರುಬಾವಿಯಲ್ಲಿ ಬಾರ್ಜಿನ (ಚಪ್ಪಟೆ ತಳದ ದೊಡ್ಡ ದೋಣಿ) ಮೇಲೆ ಕಟ್ಟಿದ 220 ಮೆಗಾವ್ಯಾಟ್ ಪ್ಲಾಂಟ್ ಬಂತು, ನಾಫ್ತಾ ಎಂಬ ಪೆಟ್ರೋಲಿನಂಥ ಎಣ್ಣೆ ಸುಡುವಂಥದ್ದು. ಒಪ್ಪಂದ ಏಳು ವರ್ಷಕ್ಕೆ. ನಾಫ್ತಾ ದುಬಾರಿಯಾಗುತ್ತ ಹೋಯಿತು. ಒಪ್ಪಂದ ಮುಗಿದ ಮೇಲೆ ಬಾರ್ಜು ಕಾಕಿನಾಡಕ್ಕೆ ಹೋಗಿ ಕೃಷ್ಣಾ–ಗೋದಾವರಿ ಕಣಿವೆಯ ಗ್ಯಾಸಿಗೆ ಬದಲಾಯಿತು, ಕೆಲವೇ ವರ್ಷದಲ್ಲಿ ಆ ಗ್ಯಾಸೂ ಇಳಿಯಿತು. ಯಂತ್ರ ಎಷ್ಟೇ ಒಳ್ಳೆಯದಿರಲಿ, ಇಂಧನದ ಒಪ್ಪಂದ ಕೆಟ್ಟರೆ ಅದು ಕಬ್ಬಿಣದ ರಾಶಿ.

ಬೇರೆ ದಾರಿಗಳ ಪಕ್ಕದಲ್ಲಿಟ್ಟರೆ

ಶಿವನಸಮುದ್ರದಿಂದಲೇ ಶುರು ಮಾಡೋಣ, ನಮ್ಮದೇ ಜಿಲ್ಲೆಯ ಹಿರಿಯಜ್ಜ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕೊಟ್ಟರು, ದಿವಾನ್ ಶೇಷಾದ್ರಿ ಅಯ್ಯರ್ ಹಾಕಿದ ಅಡಿಪಾಯ. 1908ರಲ್ಲಿ ಮೈಸೂರಿಗೂ ದೀಪ ಬಂತು. ಈಗ ಅಲ್ಲಿರುವುದು 42 ಮೆಗಾವ್ಯಾಟ್, ಪಕ್ಕದ ಶಿಂಷಾದಲ್ಲಿ 17.2. ನೀರಿಗೆ ದುಡ್ಡಿಲ್ಲ, ಹೊಗೆಯಿಲ್ಲ. ಆದರೆ ನದಿಯಲ್ಲಿ ನೀರು ಯಾವಾಗ ಎಷ್ಟು ಎನ್ನುವುದು ನಾಲೆಯ ಸರದಿ, ಮಳೆ, ತಮಿಳುನಾಡಿಗೆ ಬಿಡಬೇಕಾದ ಪಾಲು ಇವುಗಳ ಮೇಲೆ ನಿಂತಿದೆ. ಸಂಜೆ ಆರಕ್ಕೆ ನಮಗೆ ದೀಪ ಬೇಕೆಂದು ಕಾವೇರಿ ಹರಿಯುವುದಿಲ್ಲ. ಬರಗಾಲದಲ್ಲಂತೂ ಮೊದಲು ಸೊರಗುವುದೇ ಇದು. ಇರುವುದನ್ನು ಚೆನ್ನಾಗಿ ಇಟ್ಟುಕೊಳ್ಳಬೇಕು, ಹೆಚ್ಚಿಗೆ ಕೇಳುವ ಹಾಗಿಲ್ಲ.

ಕಬ್ಬಿನ ಸಿಪ್ಪೆ ಮಂಡ್ಯದವರ ಸ್ವಂತ ಆಸ್ತಿ. ಟನ್ ಕಬ್ಬು ಅರೆದರೆ ಮುನ್ನೂರು ಕಿಲೋ ಹತ್ತಿರ ಸಿಪ್ಪೆ ಬರುತ್ತದೆ. ಅದನ್ನು ಸುಟ್ಟು ಕಾರ್ಖಾನೆ ತನಗೆ ಬೇಕಾದ ಹಬೆ ಮತ್ತು ಕರೆಂಟ್ ಮಾಡಿಕೊಂಡು ಮಿಕ್ಕದ್ದನ್ನು ಗ್ರಿಡ್‌ಗೆ ಕೊಡುತ್ತದೆ. ಗ್ಯಾಸಿಗಿಂತ ಅಗ್ಗ, ದುಡ್ಡೂ ಜಿಲ್ಲೆಯೊಳಗೇ ಓಡಾಡುತ್ತದೆ. ಆದರೆ ಕಬ್ಬು ಅರೆಯುವ ತಿಂಗಳು ಮುಗಿದರೆ ಸಿಪ್ಪೆಯ ರಾಶಿ ಕರಗುತ್ತದೆ, ಬೇಸಿಗೆಯ ಕೊನೆಗೆ ಬಾಯ್ಲರ್ ತಣ್ಣಗಾಗುತ್ತದೆ. ಬರಗಾಲದಲ್ಲಿ ಕಬ್ಬೂ ಕಡಿಮೆ. ಮಳವಳ್ಳಿ ತಾಲ್ಲೂಕಿನಲ್ಲಿ ತೆಂಗಿನ ಗರಿ, ಕಬ್ಬಿನ ತರಗು ಕೊಂಡು ನಡೆಸುವ ನಾಲ್ಕೂವರೆ ಮೆಗಾವ್ಯಾಟಿನ ಪ್ಲಾಂಟ್ 2001ರಲ್ಲಿ ಶುರುವಾಯಿತು. ಹೊಲದಲ್ಲೇ ಬೆಂಕಿ ಹಚ್ಚುತ್ತಿದ್ದ ತರಗಿಗೆ ಬೆಲೆ ಬಂತು. ಗರಿ ಹಗುರ, ಲಾರಿ ತುಂಬ ತುಂಬಿದರೂ ತೂಕ ಬರುವುದಿಲ್ಲ, ದೂರದಿಂದ ತಂದರೆ ಸಾಗಣೆಯೇ ಲಾಭ ನುಂಗುತ್ತದೆ. ಆದ್ದರಿಂದ ಇಂಥವು ಚಿಕ್ಕದಾಗಿ, ತೋಟಗಳ ನಡುವೆಯೇ ಇರಬೇಕು.

ಡೀಸೆಲ್ ಜನರೇಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲೀಟರಿಗೆ ಮೂರೂವರೆ ಯೂನಿಟ್ ಬಂದರೆ ಹೆಚ್ಚು. ಲೀಟರ್ 90 ರೂಪಾಯಿ ಎಂದರೆ ಯೂನಿಟ್ 26ರ ಹತ್ತಿರ. ಇದಕ್ಕೆ ಹೋಲಿಸಿದರೆ ಗ್ಯಾಸ್ ಅರ್ಧ ಬೆಲೆ, ಹೊಗೆಯೂ ಕಡಿಮೆ.

ಹೊರಗಿನಿಂದ ಕೊಳ್ಳುವುದು ಮತ್ತೊಂದು ದಾರಿ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್‌ಗೆ ಜೋಡಿಯಾದ ಮೇಲೆ ನಮ್ಮ ಸಂಜೆಯ ಫೋನ್ ಕರೆಗಳು ನಿಜಕ್ಕೂ ಕಡಿಮೆಯಾದವು. ವಿದ್ಯುತ್ ವಿನಿಮಯ ಕೇಂದ್ರದಲ್ಲಿ ನಾಳೆಯ ಕರೆಂಟನ್ನು ಇಂದೇ ಕೊಳ್ಳಬಹುದು, ಯೂನಿಟ್ಟಿಗೆ ಗರಿಷ್ಠ ಮಿತಿ 10 ರೂಪಾಯಿ. ಬೇಸಿಗೆಯ ಸಂಜೆ ದರ ಆ ಮಿತಿಯನ್ನೇ ಮುಟ್ಟಿ ನಿಲ್ಲುವುದುಂಟು, ಏಕೆಂದರೆ ಆಗ ಎಲ್ಲ ರಾಜ್ಯಗಳಿಗೂ ಅದೇ ಹೊತ್ತಿಗೆ ಬೇಕು.

ಈಗ ಬ್ಯಾಟರಿ. ಐದು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ಗ್ಯಾಸ್ ಎಂದುಬಿಡುತ್ತಿದ್ದೆ. ಈಗ ಹಾಗನ್ನಲಾರೆ. 2022ರಲ್ಲಿ ಸೌರಶಕ್ತಿ ನಿಗಮದ ಟೆಂಡರಿನಲ್ಲಿ ಎರಡು ಗಂಟೆಯ ಬ್ಯಾಟರಿಗೆ ಮೆಗಾವ್ಯಾಟಿಗೆ ತಿಂಗಳಿಗೆ 10.83 ಲಕ್ಷ ರೂಪಾಯಿ ಬಾಡಿಗೆ ಬಂದಿತ್ತು. 2024ರ ಕೊನೆಗೆ ಬೇರೆ ರಾಜ್ಯದ ಟೆಂಡರಿನಲ್ಲಿ, ಸರ್ಕಾರದ ನೆರವು ಸೇರಿದ ಮೇಲೆ, ಅದು ಎರಡೂವರೆ ಲಕ್ಷದ ಕೆಳಕ್ಕೆ ಬಂತು. ಎರಡೂವರೆ ಲಕ್ಷವನ್ನೇ ಹಿಡಿಯೋಣ. ದಿನಕ್ಕೊಂದು ಸಲ ತುಂಬಿ ಖಾಲಿ ಮಾಡಿದರೆ ತಿಂಗಳಿಗೆ 60,000 ಯೂನಿಟ್, ಯೂನಿಟ್ಟಿಗೆ ನಾಲ್ಕು ರೂಪಾಯಿ ಚಿಲ್ಲರೆ. ಹಗಲು ತುಂಬುವ ಸೋಲಾರ್ ಕರೆಂಟಿಗೆ, ನಡುವೆ ಸೋರುವುದೂ ಸೇರಿ, ಮೂರೂವರೆ ಎಂದಿಟ್ಟುಕೊಂಡರೆ ಎಂಟು ರೂಪಾಯಿಯೊಳಗೆ ಸಂಜೆಯ ಕರೆಂಟ್. ಗ್ಯಾಸಿನ ಇಂಧನಕ್ಕಿಂತ ಕಡಿಮೆ, ಹಡಗಿನ ಹಂಗಿಲ್ಲ, ಡಾಲರಿನ ಹಂಗಿಲ್ಲ.

ದಿನದಿನದ ಸಂಜೆಯ ಇಕ್ಕಟ್ಟಿಗೆ ಬ್ಯಾಟರಿಯೇ ಗೆಲ್ಲುತ್ತದೆ. ಅದು ಸೋಲುವುದು ಒಂದು ಕಡೆ: ಎರಡು ಗಂಟೆಯದ್ದು ಎರಡೇ ಗಂಟೆ, ನಾಲ್ಕು ಗಂಟೆಯದ್ದು ನಾಲ್ಕೇ ಗಂಟೆ. ಆಮೇಲೆ ಖಾಲಿ ಪೆಟ್ಟಿಗೆ. ಗ್ರಿಡ್ ಬಿದ್ದು ಹನ್ನೆರಡು ಗಂಟೆಯಾದರೂ ಏಳದಿದ್ದರೆ ಓಡುತ್ತಲೇ ಇರುವುದು ಎಂಜಿನ್ ಮಾತ್ರ, ಪೈಪಿನಲ್ಲಿ ಗ್ಯಾಸ್ ಇರುವವರೆಗೆ.

ಹಾಗಾದರೆ ಪ್ರದೇಶಕ್ಕೆ ಹತ್ತು ಮೆಗಾವ್ಯಾಟಿನ ಗ್ಯಾಸ್ ಪ್ಲಾಂಟ್?

ಹತ್ತು ಮೆಗಾವ್ಯಾಟ್ ಎಂದರೆ 66 ಕೆ.ವಿ.ಯಲ್ಲಿ ಸುಮಾರು 90 ಆಂಪಿಯರ್. ರಾಜ್ಯದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿರುವಾಗ ಇದು ಸಮುದ್ರಕ್ಕೆ ಒಂದು ಚೊಂಬು ನೀರು. ಆದರೆ ಲೈನಿನ ಕೊನೆಯಲ್ಲಿರುವ ಸಬ್‌ಸ್ಟೇಷನ್ನಿಗೆ ಅದು ಚೊಂಬಲ್ಲ. ದೂರದಿಂದ ಬರುವ ಕರೆಂಟ್ ಅರ್ಧವಾದರೆ ತಂತಿಯಲ್ಲಿ ಆಗುವ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ವೋಲ್ಟೇಜ್ ಎತ್ತಿ ಹಿಡಿಯಲು ಹತ್ತಿರದಲ್ಲೊಂದು ತಿರುಗುವ ಯಂತ್ರ ಇದ್ದರೆ ಅಕ್ಕಿ ಗಿರಣಿಯ ಮೋಟಾರ್ ಸಂಜೆ ಹೊತ್ತಿಗೆ ನರಳುವುದು ನಿಲ್ಲುತ್ತದೆ. ವೋಲ್ಟೇಜ್ ಬಿದ್ದಾಗ ಮೋಟಾರ್ ಹೆಚ್ಚು ಕರೆಂಟ್ ಎಳೆದು ಕಾಯಿಲು ಸುಟ್ಟುಕೊಳ್ಳುವುದು ರೀವೈಂಡಿಂಗ್ ಅಂಗಡಿಯವರಿಗೆ ಚೆನ್ನಾಗಿ ಗೊತ್ತು.

ಹಾಗಿದ್ದೂ ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ ಎನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಕಟ್ಟಲು 50 ಕೋಟಿ, ಬಡ್ಡಿ–ಸವಕಳಿ ವರ್ಷಕ್ಕೆ ಏಳು ಕೋಟಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2,000 ಗಂಟೆ ಓಡಿದರೆ ಎರಡು ಕೋಟಿ ಯೂನಿಟ್, ಒಂದೊಂದರ ಮೇಲೆ ಮೂರೂವರೆ ರೂಪಾಯಿ ಬೀಳುತ್ತದೆ. ಬರೀ 500 ಗಂಟೆ ಓಡಿದರೆ ಹದಿನಾಲ್ಕು ರೂಪಾಯಿ. ಇಂಧನ ಬೇರೆ. ತುರ್ತಿಗೆ ಮಾತ್ರ ಇಟ್ಟುಕೊಂಡರೆ ಇಷ್ಟು ದುಬಾರಿ, ದಿನಾ ಓಡಿಸಿದರೆ ಬ್ಯಾಟರಿಯ ಮುಂದೆ ಸೋಲು.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಬರೀ ಕರೆಂಟ್ ಮಾರುವುದಕ್ಕೆ ಮೈಸೂರು–ಮಂಡ್ಯದಲ್ಲಿ ಹೊಸ ಗ್ಯಾಸ್ ಪ್ಲಾಂಟ್ ಬೇಡ. ಒಂದು ವಿನಾಯಿತಿ ಇಡುತ್ತೇನೆ. ಮೈಸೂರಿನ ಕುಡಿಯುವ ನೀರು ಹೊಂಗಳ್ಳಿ, ಬೆಳಗೊಳ, ಮೇಳಾಪುರ, ಬಿದರಗೋಡಿನ ಪಂಪ್‌ಹೌಸ್‌ಗಳಿಂದ ಏರಿ ಬರಬೇಕು. ಅವುಗಳಿಗೆ, ದೊಡ್ಡ ಆಸ್ಪತ್ರೆಗಳಿಗೆ ಗ್ರಿಡ್ ಸತ್ತಾಗಲೂ ತಾನೇ ಎದ್ದು ನಿಂತು ಕರೆಂಟ್ ಕೊಡಬಲ್ಲ ಎಂಜಿನ್ ಒಂದಿದ್ದರೆ ಅದರ ಬೆಲೆಯನ್ನು ಯೂನಿಟ್ಟಿನಲ್ಲಿ ಅಳೆಯಬಾರದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಎರಡು ದಿನ ಸಾಲಾಗಿ ಬಿದ್ದಾಗ ನಾವು ಬೇರೆ ಇದ್ದೆವು, ಬಚಾವಾದೆವು. ಈಗ ಒಂದೇ ಗ್ರಿಡ್.

ಯಾರಾದರೂ ಇಂಥ ಯೋಜನೆ ತಂದರೆ ಕರೆಂಟಿನ ದರ ಗೊತ್ತುಮಾಡುವ ರಾಜ್ಯ ಆಯೋಗ ಕೆ.ಇ.ಆರ್.ಸಿ.ಯ ಅಹವಾಲು ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ್ದು ಮೂರು. ಪ್ಲಾಂಟ್ ನಿಂತಿದ್ದರೂ ಕೊಡಬೇಕಾದ ಸ್ಥಿರ ಶುಲ್ಕ ವರ್ಷಕ್ಕೆ ಎಷ್ಟು? ಗ್ಯಾಸ್ ಬೆಲೆ ಏರಿದರೆ ಹೊರುವವರು ಯಾರು, ಕಂಪನಿಯೋ ನಮ್ಮ ಬಿಲ್ಲೋ? ಗ್ಯಾಸ್ ತೆಗೆದುಕೊಂಡರೂ ಬಿಟ್ಟರೂ ದುಡ್ಡು ಕೊಡಲೇಬೇಕೆಂಬ ಷರತ್ತು ಒಪ್ಪಂದದಲ್ಲಿ ಇದೆಯೇ?

ಪಂಪ್‌ಸೆಟ್ ರೈತರ ಪಾಲಿಗೆ ಗ್ಯಾಸ್ ಯಾವ ಲೆಕ್ಕದಲ್ಲೂ ಉತ್ತರವಲ್ಲ. ಅವರಿಗೆ ಬೇಕಾದ್ದು ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಹಗಲು ಹೊತ್ತು ಥ್ರೀ ಫೇಸ್ ಕೊಡುವುದು. ಹಾವು ಕಚ್ಚಿಸಿಕೊಂಡವರ ಮಗನಿಗೆ ಅಂದು ಕೊಡಲಾಗದ ಉತ್ತರ ಅದೇ.

ಪರಿಸರದ ವಿಷಯದಲ್ಲೂ ಒಂದು ಮಾತು. ಒಂದು ಯೂನಿಟ್ಟಿಗೆ ಕಲ್ಲಿದ್ದಲು ಒಂದು ಕಿಲೋ ಹತ್ತಿರ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಗ್ಯಾಸ್ ಅದರ ಅರ್ಧದಷ್ಟು. ಬೂದಿಯಿಲ್ಲ, ಗಂಧಕವಿಲ್ಲ. ಆದರೆ ಸುಡದೆ ಸೋರಿದ ಮೀಥೇನ್ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಬಿಸಿ ಏರಿಸುತ್ತದೆ. ಪೈಪಿನ ಜೋಡಣೆ ಸಡಿಲವಾಗಿದ್ದರೆ ಆ ಅರ್ಧದ ಲಾಭವೂ ಹೋಯಿತು.

ಅಳಿಯನ ಬಣ್ಣದ ಘಟಕ: ಶಾಖದ ಲೆಕ್ಕ

ಅವನ ಗೇಟಿನೊಳಗೆ ಲೆಕ್ಕ ಬೇರೆಯಾಗುತ್ತದೆ, ಕಾರಣ ಅವನಿಗೆ ಬರೀ ಕರೆಂಟ್ ಸಾಲದು, ಹಗಲೂ ರಾತ್ರಿ ಹಬೆ ಮತ್ತು ಬಿಸಿನೀರು ಬೇಕು. ಎಂಜಿನ್ನಿಗೆ ಹೋದ ನೂರು ಪಾಲು ಶಾಖದಲ್ಲಿ ನಲವತ್ತು ಕರೆಂಟಾದರೆ ಇನ್ನೊಂದು ನಲವತ್ತನ್ನು ಹಿಡಿದುಕೊಳ್ಳಬಹುದು. ಅದರಲ್ಲಿ ಸುಮಾರು ಅರ್ಧ ಹೊಗೆಕೊಳವೆಯಿಂದ, ಅದರಿಂದ ಹಬೆ ಮಾಡಬಹುದು. ಉಳಿದರ್ಧ ಎಂಜಿನ್ ತಂಪು ಮಾಡಿದ ನೀರು, 90 ಡಿಗ್ರಿ ಹತ್ತಿರ. ಬಣ್ಣದ ತೊಟ್ಟಿಗೆ ಹೇಳಿಮಾಡಿಸಿದಂಥ ಬಿಸಿ.

ಒಂದು ಘನ ಮೀಟರ್ ಗ್ಯಾಸಿನಿಂದ ಅವನಿಗೆ ನಾಲ್ಕು ಯೂನಿಟ್ ಕರೆಂಟ್, ಮೇಲೆ ನಾಲ್ಕು ಯೂನಿಟ್ಟಿನಷ್ಟು ಶಾಖ. ಅಷ್ಟು ಶಾಖವನ್ನು ಅವನು ಗ್ಯಾಸ್ ಬಾಯ್ಲರಿನಲ್ಲೇ ಮಾಡಿಕೊಳ್ಳುತ್ತಿದ್ದರೆ ಅರ್ಧ ಘನ ಮೀಟರ್ ಹತ್ತಿರ ಸುಡಬೇಕಿತ್ತು. 50 ರೂಪಾಯಿಯ ದರದಲ್ಲಿ 24 ರೂಪಾಯಿ ಉಳಿತಾಯ. ಉಳಿದ 26 ರೂಪಾಯಿ ನಾಲ್ಕು ಯೂನಿಟ್ಟಿಗೆ ಹಂಚಿದರೆ ಯೂನಿಟ್ ಆರೂವರೆ. ಹನ್ನೆರಡೂವರೆ ಇದ್ದದ್ದು ಆರೂವರೆಗೆ ಬಂತು. ಈಗ ಸೆಸ್ಕ್ ಬಿಲ್ಲಿನ ಪಕ್ಕದಲ್ಲಿಟ್ಟು ನೋಡುವ ಹಾಗಾಯಿತು.

ಇಲ್ಲಿಗೆ ಅವನ ಮುಖ ಅರಳಿತು. ನಾನು ಕೇಳಿದೆ: "ನಿನ್ನ ಬಾಯ್ಲರ್‌ಗೆ ಈಗ ಏನು ಹಾಕ್ತೀಯ?"

"ಬ್ರಿಕೆಟ್ಟು, ಮಾವ. ಕಿಲೋ ಎಂಟು ರೂಪಾಯಿ ಬೀಳ್ತದೆ."

ಅಲ್ಲೇ ಲೆಕ್ಕ ತಲೆಕೆಳಗಾಯಿತು. ಹೊಟ್ಟು, ಮರದ ಪುಡಿ ಒತ್ತಿ ಮಾಡಿದ ಬ್ರಿಕೆಟ್ಟಿನಿಂದ ಅಷ್ಟೇ ಶಾಖ ಮಾಡಲು ಒಂದೂಕಾಲು ಕಿಲೋ ಸಾಕು, ಹತ್ತು ರೂಪಾಯಿ. ಗ್ಯಾಸಿನ 50 ರೂಪಾಯಿಯಲ್ಲಿ ಹತ್ತು ಕಳೆದರೆ ನಲವತ್ತು, ಯೂನಿಟ್ ಮತ್ತೆ ಹತ್ತು ರೂಪಾಯಿ. ಮೈಸೂರು–ಮಂಡ್ಯದ ಎಷ್ಟೋ ಕಾರ್ಖಾನೆಗಳು ಸೌದೆಯನ್ನೋ ಬ್ರಿಕೆಟ್ಟನ್ನೋ ಸುಡುತ್ತವೆ, ಅಂಥವರಿಗೆ ಗ್ಯಾಸ್ ಎಂಜಿನ್ ಹಾಕಿಸುವವರು ತೋರಿಸುವ ಉಳಿತಾಯದ ಪಟ್ಟಿ ಸಾಮಾನ್ಯವಾಗಿ ಗ್ಯಾಸ್ ಬಾಯ್ಲರನ್ನೋ ಡೀಸೆಲ್ ಬಾಯ್ಲರನ್ನೋ ಹಿಡಿದು ಮಾಡಿದ್ದಾಗಿರುತ್ತದೆ. ಆ ಸಾಲನ್ನು ಬೆರಳಿಟ್ಟು ಕೇಳಿ.

ಹಾಗಾಗಿ ಗೇಟಿನೊಳಗಿನ ಆಯ್ಕೆ ಹೀಗೆ ಬರುತ್ತದೆ. ಈಗಾಗಲೇ ಡೀಸೆಲ್, ಫರ್ನೇಸ್ ಎಣ್ಣೆ ಅಥವಾ ಪೈಪ್ ಗ್ಯಾಸ್ ಸುಟ್ಟು ವರ್ಷಪೂರ್ತಿ ಹಬೆ ಮಾಡುವ ಕಾರ್ಖಾನೆ, ದೊಡ್ಡ ಹೋಟೆಲ್, ಲಾಂಡ್ರಿ ಇರುವ ಆಸ್ಪತ್ರೆ ಇವರಿಗೆ ಚಿಕ್ಕ ಗ್ಯಾಸ್ ಎಂಜಿನ್ ಒಳ್ಳೆಯದು. ಎಂಜಿನ್ನಿನ ಗಾತ್ರವನ್ನು ಕರೆಂಟಿನ ಬೇಡಿಕೆಗೆ ನೋಡದೆ ಶಾಖದ ಬೇಡಿಕೆಗೆ ನೋಡಿ ಆರಿಸಬೇಕು, ಇಲ್ಲದಿದ್ದರೆ ಮಿಕ್ಕ ಶಾಖ ಗಾಳಿಗೆ ಹೋಗುತ್ತದೆ, ದುಡ್ಡು ಅದರ ಜೊತೆಗೆ. ಹಬೆ ಬೇಡದ, ಲೇತ್ ಮತ್ತು ವೆಲ್ಡಿಂಗ್ ನಡೆಸುವ ಘಟಕಕ್ಕೆ ಚಾವಣಿ ಸೋಲಾರ್, ಸಂಜೆಗೆ ಚಿಕ್ಕ ಬ್ಯಾಟರಿ. ಕರೆಂಟ್ ಹೋದರೆ ಲಕ್ಷಾಂತರ ರೂಪಾಯಿಯ ಮಾಲು ಕೆಡುವಂಥ ಕೋಲ್ಡ್ ಸ್ಟೋರೇಜಿನವರು ಹಳೇ ಡೀಸೆಲ್ ಸೆಟ್ ಮಾರಬೇಡಿ. ವರ್ಷಕ್ಕೆ ನಲವತ್ತು ಗಂಟೆಯ ಕೆಲಸಕ್ಕೆ ಅದಕ್ಕಿಂತ ಅಗ್ಗದ್ದು ಬೇರೆ ಇಲ್ಲ.

ನಮ್ಮ ಹುಡುಗ ಇನ್ನೂ ಆಸೆ ಬಿಟ್ಟಿಲ್ಲ. ಬ್ರಿಕೆಟ್ ಬಾಯ್ಲರಿನ ಬೂದಿ ಹೊರುವುದು, ಮಳೆಗಾಲದಲ್ಲಿ ಬ್ರಿಕೆಟ್ ಒದ್ದೆಯಾಗಿ ಹಬೆ ಕಡಿಮೆಯಾಗುವುದು, ಬಣ್ಣ ಒಂದೇ ಸಮ ಹಿಡಿಯದೆ ಮಾಲು ವಾಪಸ್ ಬರುವುದು, ಇವಕ್ಕೂ ಬೆಲೆ ಇದೆ ಎನ್ನುತ್ತಾನೆ. ಇದೆ, ನಿಜ. ಆದರೆ ಎಷ್ಟು ಎಂದು ಅವನಿಗೂ ಗೊತ್ತಿಲ್ಲ, ಅವನ ಹಬೆಯ ಪೈಪಿಗೆ ಇವತ್ತಿನವರೆಗೆ ಒಂದು ಮೀಟರೇ ಇಲ್ಲ. ಮುಂದಿನ ವಾರ ಮೀಟರ್ ಹಾಕಿಸುತ್ತಿದ್ದಾನೆ. ದಿನಕ್ಕೆ ಮೂರು ಸಲ ಓದಿ, ಪಕ್ಕದಲ್ಲಿ ಕರೆಂಟ್ ಮೀಟರಿನ ಅಂಕಿಯನ್ನೂ, ವಾಪಸ್ ಬಂದ ಮಾಲನ್ನೂ ಬರೆದಿಡು ಎಂದು ಒಂದು ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಹಾಕಿ ಕೊಟ್ಟಿದ್ದೇನೆ, ಸಬ್‌ಸ್ಟೇಷನ್ನಿನ ಲಾಗ್‌ಬುಕ್ಕಿನ ಹಾಗೆಯೇ. ಮೂರು ತಿಂಗಳ ಅಂಕಿ ತುಂಬಿದ ಮೇಲೆ ಇಬ್ಬರೂ ಕೂತು ಮತ್ತೆ ಭಾಗಿಸುತ್ತೇವೆ.